ಸೂಜಿ ಹೊಸದಾದರೆ ಸಾಲದು

"ಸೂಜಿ ಬದಲಾಯಿಸಿದ್ದೇವಲ್ಲ, ಸಿರಿಂಜ್ ಅದೇ ಇದ್ದರೆ ಏನಾಯಿತು?" ಎಂಬ ಮಾತು ಕೇಳಲು ಸರಿಯಾಗಿಯೇ ತೋರುತ್ತದೆ. ಮೈಗೆ ಚುಚ್ಚುವುದು ಸೂಜಿಯೇ ಹೊರತು ಸಿರಿಂಜ್ ಅಲ್ಲ. ಆದರೆ ಚುಚ್ಚಿ ಹೊರಗೆಳೆದ ಸೂಜಿಯ ಟೊಳ್ಳಿನಲ್ಲಿ ಆ ವ್ಯಕ್ತಿಯ ರಕ್ತ ಅಷ್ಟಿಷ್ಟು ಉಳಿದಿರುತ್ತದೆ. ಸೂಜಿಯನ್ನು ಸಿರಿಂಜಿನಿಂದ ಕಳಚುವಾಗ ಉಂಟಾಗುವ ಎಳೆತಕ್ಕೆ ಅದು ಹಿಮ್ಮುಖವಾಗಿ ಸಿರಿಂಜಿನೊಳಕ್ಕೆ ಸೇರಿಕೊಳ್ಳಬಹುದು. ಆಮೇಲೆ ಹೊಸ ಸೂಜಿ ಸಿಕ್ಕಿಸಿ, ಹತ್ತು ಜನರಿಗೆ ಆಗುವಷ್ಟು ಮದ್ದಿರುವ ಸೀಸೆಗೆ ಅದೇ ಸಿರಿಂಜಿನಿಂದ ಚುಚ್ಚಿದರೆ ಸೀಸೆಯ ಮದ್ದೇ ಕೆಡುತ್ತದೆ. ಆ ನಂತರ ಬರುವವರಿಗೆಲ್ಲ ಹೊಸ ಸೂಜಿ, ಹೊಸ ಸಿರಿಂಜ್ ಬಳಸಿದರೂ ಅಪಾಯ ಸೀಸೆಯಲ್ಲೇ ಕೂತಿರುತ್ತದೆ.

ಸೋಂಕು ಹರಡಲು ಇಷ್ಟು ಅಲ್ಪ ರಕ್ತ ಸಾಕೇ? ಒಂದು ಲೆಕ್ಕ ಹಾಕೋಣ. ಒಂದು ಮಿಲಿಲೀಟರ್ ರಕ್ತದ ಲಕ್ಷದಲ್ಲಿ ಒಂದು ಪಾಲನ್ನು ತೆಗೆದುಕೊಳ್ಳಿ. ಮದ್ದಿನಲ್ಲಿ ಬೆರೆತರೆ ಅದರ ಕೆಂಪು ಬಣ್ಣವೂ ಕಾಣುವುದಿಲ್ಲ. ಲಿವರನ್ನು ಕಾಡುವ ಹೆಪಟೈಟಿಸ್ ಬಿ ಸೋಂಕು ಜೋರಾಗಿರುವವರ ಒಂದು ಮಿಲಿಲೀಟರ್ ರಕ್ತದಲ್ಲಿ 10 ಕೋಟಿಗೂ ಮಿಕ್ಕಿ ವೈರಸ್‌ಗಳಿರಬಹುದು. ಅಂದರೆ ನಮ್ಮ ಈ ಕಾಣದ ಪಾಲಿನಲ್ಲಿ ಸಾವಿರ. ಹೆಪಟೈಟಿಸ್ ಸಿ ಸಾಮಾನ್ಯವಾಗಿ ಮಿಲಿಲೀಟರಿಗೆ ಹತ್ತು ಲಕ್ಷದ ಆಸುಪಾಸು. ಅದರ ಲೆಕ್ಕ ಹತ್ತಕ್ಕೆ ಬಂತು. ಚಿಕಿತ್ಸೆ ಪಡೆಯದ ಎಚ್‌ಐವಿ ಸೋಂಕಿತರಲ್ಲಿ ಅದು ಸಾಮಾನ್ಯವಾಗಿ ಹತ್ತು ಸಾವಿರದಿಂದ ಲಕ್ಷದವರೆಗೆ, ಅಂದರೆ ನಮ್ಮ ಪಾಲಿನಲ್ಲಿ ಒಂದು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಆಸ್ಪತ್ರೆ ಸಿಬ್ಬಂದಿಗೆ ಸೋಂಕಿತರ ಸೂಜಿ ಆಕಸ್ಮಿಕವಾಗಿ ಚುಚ್ಚಿದಾಗ ಕಂಡುಬಂದ ಅಂಕಿಗಳೂ ಇದೇ ಕ್ರಮದಲ್ಲಿವೆ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 6ರಿಂದ 30, ಹೆಪಟೈಟಿಸ್ ಸಿ ನೂರಕ್ಕೆ 2ಕ್ಕಿಂತ ಕಡಿಮೆ, ಎಚ್‌ಐವಿ ಸಾವಿರಕ್ಕೆ ಸುಮಾರು 3. ಜನ ಹೆದರುವ ಕ್ರಮ ಇದಕ್ಕೆ ತದ್ವಿರುದ್ಧ. ಎಚ್‌ಐವಿ ಎಂದರೆ ಬೆಚ್ಚಿಬೀಳುವವರು ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಪೂರೈಸಿಕೊಂಡಿರುವುದಿಲ್ಲ.

ಸಿರಿಂಜಿನ ತಪ್ಪು ಎಷ್ಟು ದೊಡ್ಡದಾಗಬಲ್ಲದು ಎಂಬುದಕ್ಕೆ ಈಜಿಪ್ಟ್ ಸಾಕ್ಷಿ. ನೈಲ್ ನದಿಯ ನೀರಿನಿಂದ ಬರುತ್ತಿದ್ದ ಶಿಸ್ಟೊಸೋಮಿಯಾಸಿಸ್ ಎಂಬ ಹುಳದ ಕಾಯಿಲೆಯನ್ನು ನಿರ್ಮೂಲ ಮಾಡಲು 1950ರ ದಶಕದಿಂದ 1980ರ ದಶಕದ ಆರಂಭದವರೆಗೆ ಅಲ್ಲಿ ಸಾಮೂಹಿಕವಾಗಿ ಆಂಟಿಮನಿ ಔಷಧದ ಚುಚ್ಚುಮದ್ದು ಕೊಟ್ಟರು. ಗಾಜಿನ ಸಿರಿಂಜುಗಳನ್ನು ಸರಿಯಾಗಿ ಕುದಿಸದೆ ಮತ್ತೆ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಸಿ ಊರೂರಿಗೆ ಹರಡಿತು. ಕೊಟ್ಟವರ ಉದ್ದೇಶ ಒಳ್ಳೆಯದೇ ಇತ್ತು. ಆ ವೈರಸ್ ಇದೆಯೆಂದು ಗುರುತಿಸಿದ್ದೇ 1989ರಲ್ಲಿ. ಮುಂದೆ 2018–19ರಲ್ಲಿ ಅದೇ ದೇಶ ಸುಮಾರು 5 ಕೋಟಿ ಜನರ ರಕ್ತ ಪರೀಕ್ಷೆ ಮಾಡಿ, ಸೋಂಕಿತರಿಗೆ ಚಿಕಿತ್ಸೆ ಕೊಟ್ಟಿತು.

ಹಾಗಾಗಿ ಚುಚ್ಚುಮದ್ದು ತೆಗೆದುಕೊಳ್ಳುವಾಗ ಸೂಜಿ, ಸಿರಿಂಜ್ ಎರಡರ ಪೊಟ್ಟಣವೂ ನಿಮ್ಮ ಕಣ್ಣೆದುರೇ ಒಡೆಯಬೇಕು. ಕೇಳಲು ಸಂಕೋಚ ಬೇಡ. ಒಮ್ಮೆ ಒತ್ತಿದರೆ ದಂಡ ಸಿಕ್ಕಿಕೊಂಡು ಮತ್ತೆ ಎಳೆಯಲು ಬಾರದಂಥ ಸಿರಿಂಜುಗಳಿವೆ. ಅವು ಸಿಗುವ ಕಡೆ ಅವೇ ಲೇಸು. ಮಾತ್ರೆಯಲ್ಲೇ ಆಗುವ ಕೆಲಸಕ್ಕೆ ಚುಚ್ಚುಮದ್ದು ಬೇಕೆಂದು ಹಟ ಹಿಡಿಯುವುದನ್ನು ಬಿಟ್ಟರೆ ಅಪಾಯ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ.

ಮನೆಯೊಳಗೂ ಇದೇ ಕತೆ, ಸಾಮಾನು ಬೇರೆ. ರೇಜರ್, ಬ್ಲೇಡ್, ನೇಲ್ ಕಟ್ಟರ್, ಹಲ್ಲುಜ್ಜುವ ಬ್ರಷ್ ಇವೆಲ್ಲ ಗೊತ್ತಾಗದಂತೆ ರಕ್ತ ತಾಗಿಸಿಕೊಳ್ಳುವ ವಸ್ತುಗಳು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಸೋಂಕು ತಗಲಿಸುವ ಶಕ್ತಿ ಉಳಿಸಿಕೊಳ್ಳುತ್ತದೆ. ಹೆಪಟೈಟಿಸ್ ಸಿ ಸಿರಿಂಜಿನೊಳಗೆ 63 ದಿನ ಬದುಕಿದ್ದನ್ನು ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಎಚ್‌ಐವಿ ಗಾಳಿಗೆ ಒಣಗಿದರೆ ಬೇಗ ಶಕ್ತಿಗುಂದುತ್ತದೆ, ಆದರೆ ಸಿರಿಂಜಿನ ಒಳಗೆ ಉಳಿದ ರಕ್ತದಲ್ಲಿ ದಿನಗಟ್ಟಲೆ ಉಳಿದೀತು.

ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿಕೊಳ್ಳುವ ಪೆನ್ನಿನಂಥ ಸಾಧನದ ಬಗ್ಗೆ ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಒಳಗಿನ ಲ್ಯಾನ್ಸೆಟ್ ಎಂಬ ಪುಟ್ಟ ಸೂಜಿ ಬದಲಿಸಿದರೂ ಬೆರಳಿಗೆ ಒತ್ತುವ ಮುಚ್ಚಳದಲ್ಲಿ ರಕ್ತದ ಕಲೆ ಉಳಿಯುತ್ತದೆ. ವೃದ್ಧರ ಆರೈಕೆ ಕೇಂದ್ರಗಳಲ್ಲಿ ಇಂಥ ಸಾಧನ ಹಂಚಿಕೊಂಡು ಹೆಪಟೈಟಿಸ್ ಬಿ ಹರಡಿದ ಪ್ರಕರಣಗಳು ದಾಖಲಾಗಿವೆ. ಗಂಡ ಹೆಂಡತಿ ಇಬ್ಬರಿಗೂ ಸಕ್ಕರೆ ಕಾಯಿಲೆ ಇದ್ದರೂ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಇನ್ಸುಲಿನ್ ಪೆನ್ನಿಗೂ ಇದೇ ನಿಯಮ. ಹಚ್ಚೆ ಹಾಕುವಲ್ಲಿ ಸೂಜಿಯನ್ನಷ್ಟೇ ನೋಡಿದರೆ ಸಾಲದು, ಬಣ್ಣದ ಬಟ್ಟಲನ್ನೂ ನೋಡಬೇಕು. ಹಿಂದಿನವರಿಗೆ ಬಳಸಿ ಉಳಿದ ಬಣ್ಣಕ್ಕೆ ಹೊಸ ಸೂಜಿ ಅದ್ದುವುದೂ ಮದ್ದಿನ ಸೀಸೆಯ ತಪ್ಪೂ ಒಂದೇ.

ನೆಲದ ಮೇಲೆ ರಕ್ತ ಚೆಲ್ಲಿದರೆ ನೇರವಾಗಿ ಬ್ಲೀಚ್ ಸುರಿಯುವುದು ಸಾಮಾನ್ಯ. ಆದರೆ ರಕ್ತದಲ್ಲಿರುವ ಪ್ರೋಟೀನು ಬ್ಲೀಚಿನ ಕ್ಲೋರಿನ್ನನ್ನು ತಾನೇ ನುಂಗಿಹಾಕುವುದರಿಂದ ವೈರಸ್‌ಗೆ ತಾಗಲು ಹೆಚ್ಚೇನೂ ಉಳಿಯುವುದಿಲ್ಲ. ಕೈಗವಸು ಹಾಕಿ, ಮೊದಲು ಹಳೆಯ ಬಟ್ಟೆ ಅಥವಾ ಕಾಗದದಿಂದ ರಕ್ತವನ್ನೆಲ್ಲ ಹೀರಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಬೇಕು. ಒಡೆದ ಗಾಜಿದ್ದರೆ ಕೈಯಿಂದ ಹೆಕ್ಕಬಾರದು, ರಟ್ಟಿನ ತುಂಡಿನಿಂದ ಗೋರಬೇಕು. ಆಮೇಲೆ ಸೋಪಿನ ನೀರಿನಿಂದ ಒರೆಸಬೇಕು. ಕೊನೆಗೆ ಬ್ಲೀಚ್: 5% ಸೋಡಿಯಂ ಹೈಪೋಕ್ಲೋರೈಟ್ ಇರುವ ದ್ರಾವಣ 1 ಪಾಲಿಗೆ ತಣ್ಣೀರು 9 ಪಾಲು. ಅದನ್ನು ಹಾಕಿ 10 ನಿಮಿಷ ಹಾಗೇ ಬಿಟ್ಟು ಒರೆಸಬೇಕು. ಬೆರೆಸಿಟ್ಟ ದ್ರಾವಣ ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ, ಆಯಾ ದಿನದ್ದನ್ನು ಆಯಾ ದಿನವೇ ಮಾಡಿಕೊಳ್ಳಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಬಳಸಿದ ಸೂಜಿ ಚುಚ್ಚಿದಾಗ ಬೆರಳನ್ನು ಬಾಯಿಗಿಟ್ಟು ಚೀಪುವುದು, ಹಿಂಡಿ ರಕ್ತ ತೆಗೆಯುವುದು, ಬ್ಲೀಚ್ ಹಚ್ಚುವುದು ಮೂರೂ ತಪ್ಪು. ಹಿಂಡಿದರೆ ಗಾಯದ ಸುತ್ತ ಅಂಗಾಂಶ ಜಜ್ಜಿಹೋಗುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ರಕ್ತ ಸಿಡಿದಿದ್ದರೆ ಶುದ್ಧ ನೀರನ್ನು ಧಾರಾಳವಾಗಿ ಬಿಟ್ಟು ತೊಳೆಯಿರಿ. ಮುಂದಿನದು ಗಡಿಯಾರದ ಕೆಲಸ. ಎಚ್‌ಐವಿ ತಡೆಯುವ ಮಾತ್ರೆಗಳನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆ ಆಗಿಲ್ಲದಿದ್ದರೆ ಲಸಿಕೆ, ಅಗತ್ಯವಿದ್ದಲ್ಲಿ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ರೋಗನಿರೋಧಕ ಅಂಶದ ಚುಚ್ಚುಮದ್ದು), ಸಾಧ್ಯವಾದರೆ 24 ಗಂಟೆಯೊಳಗೆ. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ. ಪರೀಕ್ಷೆಯ ಮೇಲೆ ಕಣ್ಣಿಡುವುದೊಂದೇ ದಾರಿ.

ಒಂದೇ ತಟ್ಟೆಯಲ್ಲಿ ಉಣ್ಣುವುದು, ಕೈ ಕುಲುಕುವುದು, ಅಪ್ಪಿಕೊಳ್ಳುವುದು, ಒಂದೇ ಶೌಚಾಲಯ ಬಳಸುವುದು, ಇವುಗಳಿಂದ ಈ ಮೂರು ವೈರಸ್‌ಗಳೂ ಹರಡುವುದಿಲ್ಲ. ಸೊಳ್ಳೆಯಿಂದಲೂ ಇಲ್ಲ. ಸೊಳ್ಳೆ ರಕ್ತ ಹೀರುವ ನಾಳ ಬೇರೆ, ಜೊಲ್ಲು ಬಿಡುವ ನಾಳ ಬೇರೆ. ಹೀರಿದ ರಕ್ತದಲ್ಲಿನ ಎಚ್‌ಐವಿ ಅದರ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಮಲೇರಿಯಾ ಪರೋಪಜೀವಿ ಹಾಗಲ್ಲ. ಅದು ಸೊಳ್ಳೆಯ ದೇಹದಲ್ಲೇ ಬೆಳೆದು ಜೊಲ್ಲಿನ ಗ್ರಂಥಿ ಸೇರುತ್ತದೆ. ಲೈಂಗಿಕ ಸಂಪರ್ಕದಿಂದ ಎಚ್‌ಐವಿ, ಹೆಪಟೈಟಿಸ್ ಬಿ ಹರಡುತ್ತವೆ. ಆದರೆ ಮಾತ್ರೆ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿಸಿಕೊಂಡವರಿಂದ ಸಂಗಾತಿಗೆ ಎಚ್‌ಐವಿ ದಾಟುವುದಿಲ್ಲ.

ತಾಯಿಯಿಂದ ಮಗುವಿಗೆ ದಾಟುವ ದಾರಿಯಲ್ಲಿ ಹೆಪಟೈಟಿಸ್ ಬಿ ವಿಶೇಷವಾಗಿ ಕ್ರೂರ. ದೊಡ್ಡವರಿಗೆ ತಗಲಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ತಾವಾಗಿಯೇ ಗುಣವಾಗುತ್ತಾರೆ. ಹುಟ್ಟುವಾಗ ತಗಲಿದ ಶಿಶುಗಳಲ್ಲಿ ಸುಮಾರು 90% ಮಕ್ಕಳಿಗೆ ಅದು ಬದುಕಿಡೀ ಉಳಿಯುತ್ತದೆ, ದಶಕಗಳ ನಂತರ ಲಿವರ್ ಗಟ್ಟಿಯಾಗುವುದಕ್ಕೂ ಕ್ಯಾನ್ಸರಿಗೂ ಕಾರಣವಾಗಬಹುದು. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಎಂಬ ಒತ್ತಾಯ ಅದಕ್ಕೇ.

ಪರೀಕ್ಷೆಯ ಬಗ್ಗೆ ಒಂದು ಎಚ್ಚರ. ಸೋಂಕು ತಗಲಿದ ಮರುದಿನವೇ ಪರೀಕ್ಷಿಸಿ ನೆಗೆಟಿವ್ ಬಂತೆಂದು ನಿಶ್ಚಿಂತರಾಗಬಾರದು. ಹಲವು ಪರೀಕ್ಷೆಗಳು ಹುಡುಕುವುದು ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು, ಅದನ್ನು ತಯಾರಿಸಲು ಸಮಯ ಹಿಡಿಯುತ್ತದೆ. ಎಚ್‌ಐವಿಗೆ ಪ್ರತಿಕಾಯ ಮಾತ್ರ ನೋಡುವ ಪರೀಕ್ಷೆಯಲ್ಲಿ 90 ದಿನದವರೆಗೂ ಕಾಯಬೇಕಾದೀತು. ಹೆಪಟೈಟಿಸ್ ಸಿಯಲ್ಲಿ ಗೊಂದಲ ಇನ್ನೊಂದು ಬಗೆಯದು. ಪ್ರತಿಕಾಯ ಇದೆಯೆಂದರೆ ಎಂದೋ ಸೋಂಕು ತಗಲಿತ್ತು ಎಂದಷ್ಟೇ ಅರ್ಥ. ವೈರಸ್ ಈಗ ಇದೆಯೇ ಎಂದು ಹೇಳುವುದು ವೈರಸ್ಸಿನ ಆನುವಂಶಿಕ ವಸ್ತುವನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ. ಇದ್ದರೆ 8ರಿಂದ 12 ವಾರ ಮಾತ್ರೆ ನುಂಗಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಪೂರ್ತಿ ಗುಣವಾಗುತ್ತಾರೆ. ಗುಣವಾದ ಮೇಲೂ ಪ್ರತಿಕಾಯದ ಪರೀಕ್ಷೆ ವರ್ಷಗಟ್ಟಲೆ ಪಾಸಿಟಿವ್ ಎಂದೇ ಬರುತ್ತಿರುತ್ತದೆ. ಕೆಲಸಕ್ಕೆ ಸೇರುವಾಗಲೋ ಶಸ್ತ್ರಚಿಕಿತ್ಸೆಗೆ ಮುನ್ನವೋ ಆ ಒಂದು ಪದ ನೋಡಿ ಜನರನ್ನು ದೂರ ಇಡುವುದುಂಟು. ಗುಣವಾದವರು ಆರ್‌ಎನ್‌ಎ ಇಲ್ಲವೆಂದು ತೋರಿಸುವ ವರದಿಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ಆ ಪ್ರತಿಕಾಯ ಮುಂದಿನ ಸೋಂಕನ್ನು ತಡೆಯುವುದಿಲ್ಲ ಎಂಬುದೂ ನೆನಪಿರಲಿ. ಹಂಚಿಕೊಂಡ ಇನ್ನೊಂದು ಸಿರಿಂಜಿನಿಂದ ಹೆಪಟೈಟಿಸ್ ಸಿ ಅದೇ ವ್ಯಕ್ತಿಗೆ ಮತ್ತೊಮ್ಮೆ ಬರಬಹುದು.