ಜಾಗ ಉಂಟು, ಆದರೂ ಹಿಡಿಯುವುದಿಲ್ಲ

“ಪೆನ್‌ಡ್ರೈವಿನಲ್ಲಿ ಇಪ್ಪತ್ತೈದು ಜಿಬಿ ಖಾಲಿ ಉಂಟು ಮಾರಾಯ್ರೆ. ವಿಡಿಯೋ ಇರುವುದು ಏಳು ಜಿಬಿ. ಕಾಪಿ ಆಗುವುದಿಲ್ಲ ಅಂದರೆ ಎಂತ ಕತೆ ಇದು?”

ಬದಿಯಡ್ಕದ ನನ್ನ ಅಂಗಡಿಗೆ ಮೊನ್ನೆ ಬಂದ ಮಾಷ್ಟ್ರು ಎಡಿಟಿಂಗ್ ಸಾಫ್ಟ್‌ವೇರಿಗೆ ಬೈಯುತ್ತಲೇ ಮೆಟ್ಟಿಲು ಹತ್ತಿದರು. ಮನೆಯಲ್ಲಿ ನಡೆದ ಎರಡು ಗಂಟೆಯ ತಾಳಮದ್ದಳೆಯನ್ನು (ವೇಷ, ಕುಣಿತ ಇಲ್ಲದ ಯಕ್ಷಗಾನದ ಮಾತಿನ ಕೂಟ) ಅವರೇ ಕೂತು ಎಡಿಟ್ ಮಾಡಿದ್ದರು. ಪಾಪ, ಸಾಫ್ಟ್‌ವೇರಿನ ತಪ್ಪು ಏನೂ ಇರಲಿಲ್ಲ.

32 ಜಿಬಿ ಮತ್ತು ಅದಕ್ಕಿಂತ ಸಣ್ಣ ಪೆನ್‌ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್32 ಎಂಬ, ಫೈಲುಗಳನ್ನು ಜೋಡಿಸಿಡುವ ಹಳೇ ಪದ್ಧತಿಯಲ್ಲಿ ಬರುತ್ತವೆ. ಅದರ ಲೆಕ್ಕದ ಪುಸ್ತಕದಲ್ಲಿ ಒಂದು ಫೈಲಿನ ಗಾತ್ರ ಬರೆಯಲು ಇರುವುದು 32 ಬಿಟ್ ಜಾಗ, ಅಂದರೆ ಸೊನ್ನೆ ಅಥವಾ ಒಂದು ಬರೆಯುವ 32 ಮನೆ. 4 ಜಿಬಿ ದಾಟಿದ ಸಂಖ್ಯೆ ಅಲ್ಲಿ ಹಿಡಿಯುವುದೇ ಇಲ್ಲ. ಡ್ರೈವ್ ಪೂರ್ತಿ ಖಾಲಿ ಇದ್ದರೂ ಅಷ್ಟೇ. ಎಕ್ಸ್‌ಫ್ಯಾಟ್ ಎಂಬ ಹೊಸ ಪದ್ಧತಿಗೆ ಫಾರ್ಮ್ಯಾಟ್ ಮಾಡಿದರೆ ಈ ತಾಪತ್ರಯ ಇಲ್ಲ. ಆದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ಇಟ್ಟುಕೊಳ್ಳಿ. ಕೆಲವು ಹಳೇ ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ. ಮಾಷ್ಟ್ರ ಮನೆಯದ್ದು ಅಂಥದ್ದೇ.

ಹಾಗಾದರೆ ಫೈಲನ್ನೇ ಸಣ್ಣ ಮಾಡಬೇಕು. ಎಕ್ಸ್‌ಪೋರ್ಟ್ ಫೈಲಿನ, ಅಂದರೆ ಎಡಿಟ್ ಮುಗಿದು ಹೊರಬರುವ ವಿಡಿಯೋದ, ಗಾತ್ರ ನಿರ್ಧಾರ ಆಗುವುದು ಬಿಟ್‌ರೇಟ್ (ಒಂದು ಸೆಕೆಂಡಿಗೆ ಎಷ್ಟು ಡೇಟಾ ಎಂಬುದು) ಮತ್ತು ಸಮಯದಿಂದ. 8 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 8 ಮೆಗಾಬಿಟ್; ಎಂಟು ಬಿಟ್ಟಿಗೆ ಒಂದು ಬೈಟ್, ಹಾಗಾಗಿ ಸೆಕೆಂಡಿಗೆ 1 ಎಂಬಿ, ಗಂಟೆಗೆ 3.6 ಜಿಬಿ. ಎರಡು ಗಂಟೆಗೆ 7.2. ಅದನ್ನೇ 4ಕ್ಕೆ ಇಳಿಸಿದರೆ ಧ್ವನಿ ಸೇರಿಸಿಯೂ 4 ಜಿಬಿ ಒಳಗೆ ಕೂರುತ್ತದೆ. ಚಿತ್ರ ಹಾಳಾಗುವುದಿಲ್ವಾ ಎಂದು ಕೇಳಿದರು. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕೂತಲ್ಲೇ ಕೂತಿರುತ್ತಾರೆ. ಒಂದು ಫ್ರೇಮಿಗೂ ಮುಂದಿನದಕ್ಕೂ ವ್ಯತ್ಯಾಸ ಕಡಿಮೆ, ಹಾಗಾಗಿ ಕಡಿಮೆ ಬಿಟ್‌ರೇಟ್ ಸಾಕು. ಬಯಲಾಟದಲ್ಲಿ ಧಿಗಿಣ ಹಾರುವಾಗ ಇದೇ 4 ಇಟ್ಟರೆ ವೇಷವೆಲ್ಲ ಚೌಕ ಚೌಕ ಕಾಣುತ್ತದೆ.

ಇನ್ನೊಂದು ದೂರು, ಎಕ್ಸ್‌ಪೋರ್ಟ್ ಅರ್ಧದಲ್ಲಿ ನಿಲ್ಲುವುದು. ಮೊದಲು ಸಿ ಡ್ರೈವ್ ನೋಡಿ. ಅಡಿಕೆ ಸುಲಿದಲ್ಲಿ ಸಿಪ್ಪೆ ರಾಶಿ ಬೀಳುವ ಹಾಗೆ, ಎಡಿಟ್ ಮಾಡಿದಲ್ಲಿ ಕ್ಯಾಶ್ ಫೈಲುಗಳು, ಅಂದರೆ ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಮಾಡಿಕೊಳ್ಳುವ ತಾತ್ಕಾಲಿಕ ಫೈಲುಗಳು, ಬೀಳುತ್ತವೆ. ಡಾವಿಂಚಿ ರಿಸಾಲ್ವ್‌ನಲ್ಲಿ ಪ್ಲೇಬ್ಯಾಕ್ ಮೆನುವಿನ ಡಿಲೀಟ್ ರೆಂಡರ್ ಕ್ಯಾಶ್, ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್ ಒಳಗಿನ ಮೀಡಿಯಾ ಕ್ಯಾಶ್. ಈ ರಾಶಿಯನ್ನು ಧೈರ್ಯವಾಗಿ ಗುಡಿಸಬಹುದು, ಬೇಕಾದರೆ ಅದೇ ಪುನಃ ಮಾಡಿಕೊಳ್ಳುತ್ತದೆ. ಕ್ಯಾಮೆರಾದಿಂದ ಬಂದ ಮೂಲ ಕ್ಲಿಪ್ ಮಾತ್ರ ಮುಟ್ಟಬೇಡಿ. ಪ್ರಾಜೆಕ್ಟ್ ಫೈಲಿನಲ್ಲಿ ಇರುವುದು ಕ್ಲಿಪ್ಪಿನ ವಿಳಾಸ, ಕ್ಲಿಪ್ ಅಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಆಟವೂ ಉಂಟಲ್ಲ. ಎಂಪಿ4 ಫೈಲಿನ ವಿಷಯಸೂಚಿ ಸಾಮಾನ್ಯವಾಗಿ ಕೊನೆಗೆ ಬರೆಯಲ್ಪಡುತ್ತದೆ. ಅಷ್ಟರೊಳಗೆ ಕರೆಂಟು ಹೋದರೆ ಗಾತ್ರ ಜಿಬಿಗಟ್ಟಲೆ ಕಂಡರೂ ಫೈಲು ತೆರೆಯುವುದಿಲ್ಲ. ಮತ್ತೆ ಎಕ್ಸ್‌ಪೋರ್ಟ್ ಮಾಡುವುದೇ ದಾರಿ. ಅದೂ ನೇರ ಪೆನ್‌ಡ್ರೈವಿಗೆ ಬೇಡ. ಕಂಪ್ಯೂಟರಿನ ಡಿಸ್ಕಿಗೆ ಹಾಕಿ, ಆಮೇಲೆ ಕಾಪಿ ಮಾಡಿ.

ಮರುದಿನ ಮಾಷ್ಟ್ರ ಫೋನು. “ಕಾಪಿ ಆಯ್ತು. ಆದರೆ ಟಿವಿಯಲ್ಲಿ ಸ್ವರ ಮಾತ್ರ ಬರ್ತದೆ, ಚಿತ್ರ ಇಲ್ಲ.”

ಫೈಲು ಇನ್ನೂ ಸಣ್ಣ ಆಗಲಿ ಎಂದು ಎಚ್.265 ಎಂಬ, ವಿಡಿಯೋ ಕುಗ್ಗಿಸುವ ಹೊಸ ವಿಧಾನ ಆರಿಸಿದ್ದರು. ಹಳೇ ಟಿವಿಗೆ ಅದು ಅರ್ಥ ಆಗುವುದಿಲ್ಲ, ಅದಕ್ಕಿಂತ ಹಳೆಯ ಎಚ್.264 ಹಾಕಿ ಎಂದೆ.

“ರಾತ್ರಿ ನೋಡುವ,” ಎಂದರು. “ತಾಳಮದ್ದಳೆ ಅಲ್ವಾ, ಸದ್ಯಕ್ಕೆ ಕೇಳ್ತಾ ಇದ್ದೇವೆ.”