ಚೀಟಿಯ ಮೇಲಿನ ‘ಕೆನರಾ’

1849ರಲ್ಲಿ ಬ್ರಿಟಿಷ್ ನಿಸರ್ಗತಜ್ಞ ಟಿ. ಸಿ. ಜೆರ್ಡನ್ ಹಳ್ಳದ ಸಣ್ಣ ಮೀನೊಂದಕ್ಕೆ ‘ಕೆನರೆನ್ಸಿಸ್’, ಅಂದರೆ ಕೆನರಾದ್ದು, ಎಂಬ ಹೆಸರಿಟ್ಟಾಗ, ಕೆನರಾ ಎಂದರೆ ಕಾರವಾರದಿಂದ ಮಂಗಳೂರಿನ ಆಚೆಯವರೆಗೂ ಹಬ್ಬಿದ್ದ, ಮದ್ರಾಸ್ ಪ್ರಾಂತ್ಯದ ಒಂದೇ ಜಿಲ್ಲೆಯಾಗಿತ್ತು. ಅದರ ಉತ್ತರ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದು 1862ರಲ್ಲಿ. ಹೀಗಾಗಿ ಸಂಗ್ರಹಾಲಯದಲ್ಲಿ ಮೀನಿನ ಮಾದರಿಯನ್ನು ಕಾಪಿಟ್ಟಿರುವ ಆ ಕಾಲದ ಬಾಟಲಿಯೊಂದರ ಚೀಟಿಯಲ್ಲಿ ‘ಕೆನರಾ’ ಎಂದಷ್ಟೇ ಇದ್ದರೆ, ಒಳಗಿನ ಮೀನು ಕಾಳಿಯದೋ ಶರಾವತಿಯದೋ ನೇತ್ರಾವತಿಯದೋ ತಿಳಿಯುವುದಿಲ್ಲ.

ಬಾಟಲಿಗಳೂ ಒಂದೆಡೆ ಉಳಿಯಲಿಲ್ಲ. ಮದ್ರಾಸಿನಲ್ಲಿ ವೈದ್ಯನಾಗಿದ್ದು ಮುಂದೆ ಮೀನುಗಾರಿಕೆಯ ಮಹಾನಿರೀಕ್ಷಕನಾದ ಫ್ರಾನ್ಸಿಸ್ ಡೇ ಕೂಡಿಸಿದ ಮಾದರಿಗಳು ಲಂಡನ್, ಕೋಲ್ಕತ್ತ, ಲೈಡನ್, ಸಿಡ್ನಿಗಳಿಗೆ ಹಂಚಿಹೋದವು. ನಮ್ಮ ಹೊಳೆಯ ಮೀನು ಎಲ್ಲಿದೆ ಎಂದು ತಿಳಿಯಲು ಸಂಶೋಧಕರು ಪ್ರತಿಯೊಂದು ಸಂಗ್ರಹಾಲಯಕ್ಕೂ ಪತ್ರ ಬರೆದು ಕಾಯಬೇಕಿತ್ತು.

ಸಂಗ್ರಹಾಲಯಗಳ ದಾಖಲೆ ಪುಸ್ತಕಗಳು ಕಂಪ್ಯೂಟರಿಗೆ ಏರಿದ ಮೇಲೂ ತೊಡಕು ಉಳಿಯಿತು, ಏಕೆಂದರೆ ಒಬ್ಬೊಬ್ಬರ ಅಂಕಣಗಳು ಒಂದೊಂದು ಬಗೆಯವು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ, ಒಂದೇ ಪ್ರಶ್ನೆಯನ್ನು ಹಲವು ಸಂಗ್ರಹಾಲಯಗಳ ದತ್ತಾಂಶಕ್ಕೆ ಏಕಕಾಲಕ್ಕೆ ಕಳಿಸುವ ವ್ಯವಸ್ಥೆ ರೂಪುಗೊಂಡಿತು. ಮೀನುಗಳ ದಾಖಲೆಗಳಿಗಾಗಿ ಫಿಶ್‌ನೆಟ್ ಎಂಬ ಜಾಲ ಬೆಳೆದದ್ದು ಇದೇ ಹಾದಿಯಲ್ಲಿ. ದಾಖಲೆಯ ಒಡೆತನ ಆಯಾ ಸಂಗ್ರಹಾಲಯದಲ್ಲೇ ಉಳಿಯುತ್ತಿದ್ದುದರಿಂದಲೇ ಅವು ಇದಕ್ಕೆ ಒಪ್ಪಿದವೆಂದು ನಾನು ಭಾವಿಸುತ್ತೇನೆ. ಆದರೆ ಒಂದು ಸರ್ವರ್ ನಿಧಾನವಾದರೆ ಇಡೀ ಹುಡುಕಾಟವೇ ತಡೆಯುತ್ತಿತ್ತು. ಆದ್ದರಿಂದ ಕ್ರಮೇಣ ಎಲ್ಲರ ದಾಖಲೆಗಳ ಪ್ರತಿಯನ್ನು ಒಂದೆಡೆ ಕೂಡಿಸಿಡುವ ಪದ್ಧತಿ ಬಂತು. 2001ರಲ್ಲಿ ಕೋಪನ್‌ಹೇಗನ್ ಕೇಂದ್ರವಾಗಿ ಜಾಗತಿಕ ಜೀವವೈವಿಧ್ಯ ಮಾಹಿತಿ ಜಾಲ ಹುಟ್ಟಿತು. ಅಂಕಣಗಳಿಗೆ ಸಮಾನ ಹೆಸರುಗಳನ್ನು ಕೊಡುವ ‘ಡಾರ್ವಿನ್ ಕೋರ್’ ಮಾನದಂಡ 2009ರಲ್ಲಿ ಅಂಗೀಕಾರವಾಯಿತು.

ಅಂಕಣಗಳು ಹೊಂದಿದರೂ ‘ಕೆನರಾ’ ಹಾಗೆಯೇ ಉಳಿಯಿತು. ಊರಿನ ಹೆಸರಿಗೆ ಅಕ್ಷಾಂಶ ರೇಖಾಂಶ ಕೊಡುವಾಗ, ಗುರುತು ಎಷ್ಟು ಕಿಲೋಮೀಟರ್ ತಪ್ಪಿರಬಹುದು ಎಂಬುದನ್ನೂ ಬರೆಯಬೇಕು. ಅದನ್ನು ಬಿಟ್ಟು ಹಳೆಯ ಜಿಲ್ಲೆಯ ನಡುವೆ ಚುಕ್ಕಿಯಿಟ್ಟರೆ ಕಡಲ ಮೀನು ಘಟ್ಟದ ಕಾಡಿನಲ್ಲಿ ಕಾಣಿಸಿಕೊಳ್ಳುತ್ತದೆ. ಇದು ಸಣ್ಣ ವಿಷಯವಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳು ಬಂದವು. ನೀರು ನಿಲ್ಲುವ ಮೊದಲು ಆ ಹೊಳೆಗಳಲ್ಲಿ ಯಾವ ಮೀನುಗಳಿದ್ದವು ಎಂಬುದಕ್ಕೆ ಕೈಯಲ್ಲಿ ಹಿಡಿದು ನೋಡಬಹುದಾದ ಸಾಕ್ಷ್ಯವೆಂದರೆ ಆ ಬಾಟಲಿಗಳೇ. ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಅಡಗಿರುವ ಹಳ್ಳಿ, ಹಳ್ಳಗಳನ್ನು ಗುರುತಿಸಬಲ್ಲವರು ಇಲ್ಲಿಯವರು.

ಅದೇ ತಪ್ಪು ಇಂದೂ ನಡೆಯಬಹುದು. ಕಾರವಾರದ ಬೈತಖೋಲ ಬಂದರಿನಲ್ಲಿ ಕೊಂಡ ಇಸ್ವಣ ಮೀನಿನ ಚೀಟಿಗೆ ‘ಕಾರವಾರ’ ಎಂದಷ್ಟೇ ಬರೆದರೆ, ದೋಣಿ ಬಲೆ ಬಿಟ್ಟದ್ದು ಗೋವೆಯ ಕಡೆಯೋ ಭಟ್ಕಳದ ಕಡೆಯೋ ಎಂದು ಮುಂದಿನವರಿಗೆ ತಿಳಿಯದು. ಬಂದರಿನ ಹೆಸರನ್ನು ಒಂದು ಅಂಕಣದಲ್ಲಿಯೂ, ದೋಣಿ ನಡೆಸುವ ತಾಂಡೇಲನನ್ನು ಕೇಳಿ ತಿಳಿದ ಬಲೆಯ ಜಾಗವನ್ನು ಇನ್ನೊಂದರಲ್ಲಿಯೂ ಬರೆಯಬೇಕು.