ಚಮಚ ಓರೆ ಮಾಡಿದರೆ ರಾಗಿ ಸರಿ ಸುರಿಯಬಾರದು

ಎಂಟು ತಿಂಗಳ ಹೆಣ್ಣು ಮಗು. ತೂಕ 6 ಕೆಜಿ 100 ಗ್ರಾಂ. ಆರು ತಿಂಗಳು ತುಂಬಿದಾಗ ತಾಯಿ ಕಾರ್ಡಿನಲ್ಲಿ ಬರೆದದ್ದು 6 ಕೆಜಿ. ಎರಡು ತಿಂಗಳಿಗೆ ಬರೀ ನೂರು ಗ್ರಾಂ ಏರಿದೆ. ಅಜ್ಜಿಯ ಮುಖ ಬಾಡಿತ್ತು. "ದಿನಕ್ಕೆ ಮೂರು ಸಲ ರಾಗಿ ಸರಿ ಕುಡಿಸ್ತೀವಿ ಡಾಕ್ಟ್ರೇ, ಆದ್ರೂ ಮೈ ಹಿಡೀತಿಲ್ಲ" ಅಂದರು.

"ಕುಡಿಸ್ತೀವಿ" ಅಂದದ್ದು ಕಿವಿಗೆ ಬಿತ್ತು. ಬಾಟಲಿ ತಂದಿದ್ದೀರಾ ಅಂತ ಕೇಳಿದೆ. ಚೀಲದಲ್ಲೇ ಇತ್ತು. ಕಾಯಿಸಿದ ಸೂಜಿಯಿಂದ ನಿಪ್ಪಲ್ಲಿನ ತೂತು ದೊಡ್ಡದು ಮಾಡಿದ್ದರು. ಬೆಳಕಿಗೆ ಹಿಡಿದರೆ ಸರಿಯ ಆಚೆ ನನ್ನ ಬೆರಳು ಕಾಣುತ್ತಿತ್ತು, ಅಷ್ಟು ತೆಳು. ಅಜ್ಜಿ ರಾಗಿ ತೊಳೆದು, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಬೀಸಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದಿದ್ದರು. ಅಷ್ಟೆಲ್ಲ ಕಷ್ಟಪಟ್ಟು ಮಾಡಿದ ಹಿಟ್ಟು ಒಂದು ಬಾಟಲಿಗೆ ಒಂದೇ ಚಮಚ.

ಲೆಕ್ಕ ನೋಡಿ. ಊಟದ ದೊಡ್ಡ ಚಮಚದಲ್ಲಿ ಸುಮಾರು 10 ಗ್ರಾಂ ರಾಗಿ ಹಿಟ್ಟು ಹಿಡಿಯುತ್ತದೆ. ಅದರಲ್ಲಿ ಇರುವುದು 30 ಚಿಲ್ಲರೆ ಕ್ಯಾಲೊರಿ. ಮೂರು ಬಾಟಲಿಗೆ ಹೆಚ್ಚೆಂದರೆ ನೂರು. ಎದೆಹಾಲು ಚೆನ್ನಾಗಿ ಕುಡಿಯುವ ಮಗುವಿಗೂ ಆರರಿಂದ ಎಂಟು ತಿಂಗಳಲ್ಲಿ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಇನ್ನೊಂದು ಕಡೆ, ಮಗುವಿನ ಹೊಟ್ಟೆ ಹಿಡಿಯುವುದು ಕೆಜಿಗೆ ಸುಮಾರು 30 ಎಂಎಲ್. ಆರು ಕೆಜಿ ಮಗುವಿಗೆ 180. ಒಂದು ಬಾಟಲಿ ತೆಳು ಸರಿಗೆ ಹೊಟ್ಟೆ ಟುಮ್ಮಂತ ತುಂಬಿತು. ಆಮೇಲೆ ಅದು ಎದೆಹಾಲೂ ಬೇಡ ಅನ್ನುತ್ತದೆ. ಈ ಸರಿಯಲ್ಲಿ ಎದೆಹಾಲಿನ ಅರ್ಧದಷ್ಟೂ ಶಕ್ತಿ ಇಲ್ಲ. ಅಂದರೆ ಒಳ್ಳೆಯದನ್ನು ಬಿಡಿಸಿ ನೀರು ಕೊಟ್ಟ ಹಾಗಾಯಿತು, ಅಲ್ವಾ?

ಹಾಗಾಗಿ ಈಗ "ರಾಗಿ ಸರಿ ಕೊಡ್ತಿದ್ದೀರಾ" ಅಂತ ಕೇಳಿ ಸುಮ್ಮನಾಗುವುದಿಲ್ಲ. ಎಷ್ಟು ಗಟ್ಟಿ ಅಂತ ಕೇಳುತ್ತೇನೆ. ಚಮಚದಲ್ಲಿ ತೆಗೆದು ಓರೆ ಮಾಡಿ. ಸರಸರನೆ ಸುರಿದರೆ ತೆಳು. ಚಮಚಕ್ಕೆ ಅಂಟಿಕೊಂಡು ಮೆಲ್ಲಗೆ ಜಾರಿದರೆ ಸರಿಯಾಗಿದೆ. ಕೆಳಗಿಳಿಸಿದ ಮೇಲೆ ಒಂದು ಟೀ ಚಮಚ ತುಪ್ಪ ಹಾಕಿ. ಅಷ್ಟು ತುಪ್ಪದಲ್ಲೇ 40-45 ಕ್ಯಾಲೊರಿ ಇದೆ, ಆ ಒಂದು ಚಮಚ ಹಿಟ್ಟಿಗಿಂತ ಜಾಸ್ತಿ.

ಅಜ್ಜಿ ಮೊಳಕೆ ಕಟ್ಟಿದ್ದರಲ್ಲ, ಅದು ತುಂಬ ಜಾಣ ಕೆಲಸ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಮೊಳಕೆ ಹಿಟ್ಟು ಬೇಯಿಸಿದಾಗ ಮಾಮೂಲಿ ಹಿಟ್ಟಿನಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ. ಅದೇ ನೀರಿಗೆ ಹಿಟ್ಟು ಜಾಸ್ತಿ ಹಾಕಬಹುದು, ಮಗು ಸುಲಭವಾಗಿ ನುಂಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಮೊಳಕೆ ರಾಗಿಯ ಮಕ್ಕಳ ಆಹಾರದ ಮೇಲೆ ಕೆಲಸ ಮಾಡಿದ್ದೂ ಇದೇ ಗುಣಕ್ಕೆ. ಹಿಟ್ಟನ್ನು ಕಪ್ಪಗೆ ಹುರಿಯಬೇಡಿ, ಕಿಣ್ವ ಸತ್ತುಹೋಗುತ್ತದೆ. ಘಮ ಬರುವಷ್ಟು ಬೆಚ್ಚಗಾದರೆ ಸಾಕು.

ಗಟ್ಟಿ ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಅನ್ನುವ ಭಯ ಎಲ್ಲ ಮನೆಯಲ್ಲೂ ಇದೆ. ಮೊದಲ ದಿನಗಳಲ್ಲಿ ಮಗು ನಾಲಿಗೆಯಿಂದ ಆಚೆ ತಳ್ಳುತ್ತದೆ, ಒಮ್ಮೊಮ್ಮೆ ಓಕರಿಸುತ್ತದೆ. ಅದು ಕಲಿಯುವ ಪರಿ. ಮಗುವನ್ನು ನೇರವಾಗಿ ಕೂರಿಸಿ, ಎದುರು ಕೂತು, ಎರಡು ಮೂರು ಚಮಚದಿಂದ ಶುರು ಮಾಡಿ. ಮಲಗಿಸಿ ಸುರಿಯುವುದೇ ಅಪಾಯ. ಇಡೀ ಕಡಲೆಬೀಜ, ದ್ರಾಕ್ಷಿ ಮಾತ್ರ ಬೇಡವೇ ಬೇಡ. ಎಂಟು ಒಂಬತ್ತು ತಿಂಗಳಿಗೆ ಮಿಕ್ಸಿ ಬಿಡಿ, ಅನ್ನ-ಬೇಳೆ ಕೈಯಲ್ಲಿ ಕಿವುಚಿ. ಬರೀ ನುಣ್ಣಗೆ ತಿಂದು ಬೆಳೆದ ಮಗು ಮುಂದೆ ಅಗಿಯಲು ಹಠ ಮಾಡುತ್ತದೆ.

ರಾಗಿಯೊಂದೇ ಸಾಲದು. ಕ್ಯಾಲ್ಸಿಯಂ ಧಾರಾಳ ಇದೆ, ಆದರೆ ಅದರ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ತಾಯಿ ಹೊಟ್ಟೆಯಿಂದ ತಂದ ಕಬ್ಬಿಣ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. ಬೇಳೆ, ಸೊಪ್ಪು, ಮೇಲೆ ನಾಲ್ಕು ಹನಿ ನಿಂಬೆರಸ. ತಿನ್ನುವ ಮನೆಯಲ್ಲಿ ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೀನು, ಲಿವರ್. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪನ್ನು ಕಪಾಟಿನಲ್ಲಿ ಇಟ್ಟು ಮರೆಯಬೇಡಿ, ವಾರಕ್ಕೆ ಎರಡು ಸಲ 1 ಎಂಎಲ್. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ ಬೇಡ. ಜೇನುತುಪ್ಪ ಒಂದು ಹನಿಯೂ ಬೇಡ.

ಎದೆಹಾಲಿಲ್ಲದೆ ಡಬ್ಬಿ ಹಾಲು ಕೊಡುವವರಲ್ಲೂ ಇದೇ ತಪ್ಪು ಕಾಣುತ್ತೇನೆ. ಡಬ್ಬಿ ಬೇಗ ಖಾಲಿಯಾಗಬಾರದು ಅಂತ ಒಂದು ಅಳತೆ ಪುಡಿಗೆ 60 ಎಂಎಲ್ ನೀರು. ಹೆಚ್ಚಿನ ಡಬ್ಬಿಗಳಲ್ಲಿ ಇರುವುದು 30 ಎಂಎಲ್ಲಿಗೆ ಒಂದು ಅಳತೆ, ತಲೆಸವರಿದ್ದು. ಡಬ್ಬಿಯ ಮೇಲೆ ಓದಿಕೊಂಡು ಅಷ್ಟೇ ಹಾಕಿ. ಕುಡಿಸಲು ನಮ್ಮ ಹಳೆಯ ಒಳಲೆಯೋ ಪುಟ್ಟ ಲೋಟವೋ ಸಾಕು, ತೊಳೆದು ಕುದಿಸುವುದೂ ಸುಲಭ. ಇನ್ನು ಎದೆಹಾಲು ಮಾತ್ರ ಕುಡಿಯುವ ಮಗುವಿಗೆ ಆರು ತಿಂಗಳವರೆಗೆ ನೀರೂ ಬೇಡ, ರಾಯಚೂರಿನ ಬೇಸಿಗೆಯಲ್ಲೂ ಬೇಡ. ಆ ಹಾಲಿನಲ್ಲೇ ಶೇಕಡಾ 87-88ರಷ್ಟು ನೀರಿದೆ.

ಆ ಅಜ್ಜಿ ಹದಿನೈದು ದಿನ ಬಿಟ್ಟು ಬಂದರು. ಬಟ್ಟಲು, ಚಮಚ ಜೊತೆಗೇ ತಂದಿದ್ದರು, ನನ್ನೆದುರು ಓರೆ ಮಾಡಿ ತೋರಿಸಿದರು. ಮಗು 250 ಗ್ರಾಂ ಏರಿತ್ತು. ಆದರೆ ನಡುವೆ ಎರಡು ದಿನ ಭೇದಿಯಾಗಿ, ಬರೀ ಗಂಜಿ ತಿಳಿ ಕೊಟ್ಟಿದ್ದರಂತೆ. ಮತ್ತೆ ಕೂತು ಹೇಳಿದೆ: ಭೇದಿಯಾದಾಗ ಓಆರ್‌ಎಸ್ ಜೊತೆಗೆ ಎದೆಹಾಲೂ ಬೇಕು, ಅದೇ ಗಟ್ಟಿ ಊಟವೂ ಬೇಕು. ಒಂದೇ ಸಲ ಅಷ್ಟು ತಿನ್ನದಿದ್ದರೆ ಸ್ವಲ್ಪ ಸ್ವಲ್ಪ, ಮೇಲಿಂದ ಮೇಲೆ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ.